ಫ್ಲಾರೆನ್ಸ್ ನಗರದ ಕಲಾದರ್ಶನ

ಇಟಲಿಯ ಟಸ್ಕನಿ ಪ್ರಾಂತದಲ್ಲಿ, ಆರ್ನೋ ನದಿಯ ಇಕ್ಕೆಲಗಳಲ್ಲಿ ಹಬ್ಬಿರುವ ನಗರ ಫ್ಲಾರೆನ್ಸ್. ಅಲ್ಲಿನ ಜನ ತಮ್ಮ ಭಾಷೆಯಲ್ಲಿ ಇದನ್ನು ಫಿರೆಂಜೆ ಎಂದು ಕರೆಯುತ್ತಾರೆ. ಹದಿನಾಲ್ಕು ಹದಿನೈದನೆಯ ಶತಮಾನಗಳಲ್ಲಿ ಉಣ್ಣೆಬಟ್ಟೆಯ ವ್ಯಾಪಾರದಿಂದಲೂ ಲೇವಾದೇವಿಯಿಂದಲೂ ಸಿರಿವಂತವಾದ ಈ ಊರು ಯೂರೋಪಿನ ಸಾಂಸ್ಕೃತಿಕ ಪುನರುಜ್ಜೀವನಕ್ಕೆ ತವರಾಯಿತು. ಇಲ್ಲಿಗೆ ಬರುವ ಪ್ರವಾಸಿಗಳಲ್ಲಿ ಅನೇಕರು ಕಲಾಚರಿತ್ರೆಯನ್ನು ಬಲ್ಲ ಮಾರ್ಗದರ್ಶಿಯೊಬ್ಬರ ಜೊತೆಯಲ್ಲಿ ಕಾಲ್ನಡಿಗೆಯಲ್ಲಿಯೇ ನಗರವನ್ನು ಸುತ್ತುತ್ತಾರೆ. ನೋಡತಕ್ಕ ಮುಖ್ಯ ಕೃತಿಗಳಲ್ಲಿ ಬಹುಪಾಲು ಒಂದು ಮೈಲಿಯ ಆವರಣದೊಳಗೇ ಇರುವುದರಿಂದ ವಾಹನದ ಅಗತ್ಯ ಬೀಳುವುದಿಲ್ಲ.

ಈ ಸಂಚಾರದಲ್ಲಿ ಪ್ರವಾಸಿಯನ್ನು ಬೆರಗುಗೊಳಿಸುವ ಸಂಗತಿಯೊಂದುಂಟು. ಬಯಲಿನಲ್ಲಿ ಆತನು ಮೈಮರೆತು ನೋಡುವ ಪ್ರಸಿದ್ಧ ವಿಗ್ರಹಗಳಲ್ಲಿ, ಬಾಗಿಲುಗಳಲ್ಲಿ ಅನೇಕವು ಮೂಲಕೃತಿಗಳಲ್ಲ, ಅವುಗಳ ಪ್ರತಿಗಳು. ಮೂಲಕೃತಿಗಳು ಸಮೀಪದ ಸಂಗ್ರಹಾಲಯಗಳಲ್ಲಿವೆ. ಹೀಗೇಕಾಯಿತೆಂಬುದು ನಗರದಲ್ಲಿ ನಡೆಯುತ್ತ ಹೋದಂತೆ ತಿಳಿದುಬರುತ್ತದೆ.

ಮಾರ್ಗದರ್ಶಿಗಳು ಸಾಮಾನ್ಯವಾಗಿ ತಮ್ಮ ವಿವರಣೆಯನ್ನು ಪ್ರಧಾನ ಚರ್ಚಿನ ಮುಂದಿರುವ ಎಂಟು ಮುಖಗಳ ಪ್ರಾಚೀನ ಕಟ್ಟಡದ ಬಳಿ ಆರಂಭಿಸುತ್ತಾರೆ. ಇದು ಶಿಶುಗಳಿಗೆ ಜ್ಞಾನಸ್ನಾನದ ಸಂಸ್ಕಾರ ನಡೆಯುತ್ತಿದ್ದ ಮಂದಿರ. 1401ರಲ್ಲಿ ಬಟ್ಟೆಯ ವರ್ತಕರ ಸಂಘವು ಇದಕ್ಕೆ ಕಂಚಿನ ಬಾಗಿಲೊಂದನ್ನು ಮಾಡಿಸಲು ನಿಶ್ಚಯಿಸಿ ಸ್ಪರ್ಧೆಯನ್ನು ಏರ್ಪಡಿಸಿತು. ಅಬ್ರಹಾಮನು ತನ್ನ ಮಗ ಇಸಾಕನನ್ನು ದೇವರಿಗೆ ಬಲಿಕೊಡಲು ಮುಂದಾದ ಪ್ರಸಂಗವನ್ನು ಏಳು ಮಂದಿ ಶಿಲ್ಪಿಗಳು ಕಂಚಿನ ಫಲಕದಲ್ಲಿ ರೂಪಿಸಬೇಕಾಗಿತ್ತು. ಗೆದ್ದವನು ಇನ್ನೂ ಇಪ್ಪತ್ತಮೂರರ ಆಸುಪಾಸಿನಲ್ಲಿದ್ದ ಲೊರೆಂಜೊ ಗಿಬರ್ತಿ. ಅವನ ಫಲಕವು ಹೆಚ್ಚುಕಡಿಮೆ ಒಂದೇ ಎರಕದಲ್ಲಿ ಮೂಡಿಬಂದಿತ್ತು. ಅದಕ್ಕೆ ಹಿಡಿದ ಕಂಚೂ ಕಡಿಮೆ. ಲೆಕ್ಕ ಬಲ್ಲ ವರ್ತಕರಿಗೆ ಇದೂ ರುಚಿಸಿರಬೇಕು! ಸೋತವರಲ್ಲಿ ಫಿಲಿಪ್ಪೊ ಬ್ರುನೆಲೆಸ್ಕಿಯೂ ಒಬ್ಬ. ಇವರಿಬ್ಬರ ಫಲಕಗಳು ಬಾರ್ಜೆಲ್ಲೊ ಸಂಗ್ರಹಾಲಯದಲ್ಲಿ ಈಗಲೂ ಉಳಿದಿವೆ.

ಗಿಬರ್ತಿಯು ಆ ಬಾಗಿಲಿಗಾಗಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ದುಡಿದನು. ಅನಂತರ 1425ರಿಂದ 1452ರವರೆಗೆ ಮತ್ತೊಂದು ಬಾಗಿಲನ್ನು ಮಾಡಿದನು. ಚಿನ್ನದ ಲೇಪವುಳ್ಳ ಹತ್ತು ಫಲಕಗಳ ಈ ಬಾಗಿಲು ಸ್ವರ್ಗಕ್ಕೇ ಹೊಂದುವಂಥದು ಎಂದು ಮೈಕೆಲೇಂಜೆಲೊ ಮೆಚ್ಚಿದನೆಂದು ಕಲಾವಿದರ ಚರಿತ್ರೆಗಳನ್ನು ಬರೆದ ವಸಾರಿ ತಿಳಿಸುತ್ತಾನೆ. ಅಂದಿನಿಂದ ಇದಕ್ಕೆ ‘ಸ್ವರ್ಗದ್ವಾರ’ವೆಂಬ ಹೆಸರು ನಿಂತಿತು. ಇಂದು ಪ್ರವಾಸಿಗಳು ಮುಗಿಬಿದ್ದು ನೋಡುವುದು 1990ರಲ್ಲಿ ಕೂರಿಸಿದ ಪ್ರತಿಯನ್ನು. ಮೂಲ ಫಲಕಗಳು ಚರ್ಚಿನ ಹಿಂಭಾಗದ ಸಂಗ್ರಹಾಲಯದಲ್ಲಿ ಗಾಜಿನ ಮರೆಯಲ್ಲಿವೆ.

ಸೋತ ಬ್ರುನೆಲೆಸ್ಕಿಯ ಕೀರ್ತಿಯನ್ನು ಕಾಣಲು ತಲೆಯೆತ್ತಿದರೆ ಸಾಕು. 1296ರಲ್ಲಿ ಆರಂಭವಾದ ಪ್ರಧಾನ ಚರ್ಚಿನ ಗೋಡೆಗಳು ಮೇಲೆದ್ದರೂ ನಡುವಣ ಬಾಯಿ ತೆರೆದೇ ಇತ್ತು. 40 ಮೀಟರಿಗೂ ಮಿಕ್ಕ ಆ ಅಗಲಕ್ಕೆ ಗುಮ್ಮಟ ಕಟ್ಟುವ ಬಗೆ ಯಾರಿಗೂ ತೋಚಿರಲಿಲ್ಲ. ವಾಡಿಕೆಯಂತೆ ಕಟ್ಟುವುದಾದರೆ ಇಟ್ಟಿಗೆಗಳು ಕಚ್ಚಿಕೊಳ್ಳುವವರೆಗೆ ನೆಲದಿಂದಲೇ ಮರದ ಆಧಾರವನ್ನು ಎಬ್ಬಿಸಬೇಕು. ಅಷ್ಟು ಮರವನ್ನು ಒದಗಿಸುವುದೇ ಕಷ್ಟ. ಬ್ರುನೆಲೆಸ್ಕಿಯು ಅಂತಹ ಆಧಾರವಿಲ್ಲದೆಯೇ 1420ರಿಂದ 1436ರೊಳಗೆ ಗುಮ್ಮಟವನ್ನು ಎತ್ತಿ ನಿಲ್ಲಿಸಿದನು. ಒಂದರೊಳಗೊಂದು ಎರಡು ಚಿಪ್ಪುಗಳು. ಅವುಗಳ ನಡುವೆ ಹತ್ತಿಹೋಗಲು ಮೆಟ್ಟಿಲು. ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿಯೂ ನೆಟ್ಟಗೂ ಹೆಣೆದುದರಿಂದ ಹಸಿಗಾರೆ ಒಣಗುವ ಮೊದಲೇ ಸಾಲುಗಳು ಜಾರದೆ ನಿಂತವು. ಭಾರವನ್ನು ಮೇಲೆತ್ತಲು ಅವನೊಂದು ಯಂತ್ರವನ್ನು ರಚಿಸಿದ್ದನು. ಎತ್ತುಗಳು ಒಂದೇ ದಿಕ್ಕಿಗೆ ಸುತ್ತುತ್ತಿದ್ದರೂ ಹಲ್ಲುಚಕ್ರವನ್ನು ಬದಲಿಸಿದಾಗ ಮೇಲೇರಿದ ಹಗ್ಗ ಕೆಳಗಿಳಿಯುತ್ತಿತ್ತು. ಎತ್ತುಗಳನ್ನು ಬಿಚ್ಚಿ ತಿರುಗಿಸಿ ಕಟ್ಟುವ ಶ್ರಮ ಉಳಿಯಿತು. ಇಂದು 463 ಮೆಟ್ಟಿಲುಗಳನ್ನು ಹತ್ತುವವರು ಆ ಎರಡು ಚಿಪ್ಪುಗಳ ನಡುವೆಯೇ ಸಾಗುತ್ತಾರೆ. ಗುಮ್ಮಟಕ್ಕೆ ಮಾತ್ರ ಪ್ರತಿಯಿಲ್ಲ. ಅದನ್ನು ಯಾವ ಸಂಗ್ರಹಾಲಯಕ್ಕೆ ಸಾಗಿಸಬಲ್ಲರು?

ಅಲ್ಲಿಂದ ದಕ್ಷಿಣಕ್ಕೆ ಸಾಗುವ ಬೀದಿಯಲ್ಲಿ ಓರ್ಸಾನ್‌ಮಿಕೇಲೆ ಎಂಬ ಕಟ್ಟಡ ಸಿಗುತ್ತದೆ. ಒಂದು ಕಾಲಕ್ಕೆ ಧಾನ್ಯದ ಮಾರುಕಟ್ಟೆಯಾಗಿದ್ದ ಇದರ ಹೊರಗೋಡೆಗಳಲ್ಲಿ ನಗರದ ಒಂದೊಂದು ಕಸುಬಿನ ಸಂಘವೂ ಒಂದೊಂದು ಗೂಡನ್ನು ಪಡೆದು ತನ್ನ ಸಂತನ ವಿಗ್ರಹವನ್ನು ಇರಿಸಿತು. ಬಟ್ಟೆ ವರ್ತಕರ ಮತ್ತೊಂದು ಸಂಘಕ್ಕಾಗಿ ದೊನಾತೆಲ್ಲೊ ಎಂಬ ಶಿಲ್ಪಿಯು ಸಂತ ಮಾರ್ಕನ ವಿಗ್ರಹವನ್ನು ಕೆತ್ತಿದನು. ಅದನ್ನು ನೆಲದ ಮೇಲೆ ನಿಲ್ಲಿಸಿ ನೋಡಿದ ವರ್ತಕರಿಗೆ ಅದು ಹಿಡಿಸಲಿಲ್ಲ. ‘ಗೂಡಿನಲ್ಲಿ ಇರಿಸಲು ಬಿಡಿ, ತಿದ್ದಿಕೊಡುತ್ತೇನೆ’ ಎಂಬರ್ಥದ ಮಾತನ್ನಾಡಿ ದೊನಾತೆಲ್ಲೊ ವಿಗ್ರಹವನ್ನು ಮೇಲಿರಿಸಿ, ಹದಿನೈದು ದಿನ ಪರದೆ ಮುಚ್ಚಿ, ಒಂದು ಉಳಿಯೇಟನ್ನೂ ಹಾಕದೆ ಪರದೆ ತೆಗೆದನಂತೆ. ವರ್ತಕರು ಕೊಂಡಾಡಿದರು. ಈ ಕಥೆಯನ್ನೂ ವಸಾರಿಯೇ ಹೇಳಿದ್ದಾನೆ. ಕಥೆಯಲ್ಲಿ ಉತ್ಪ್ರೇಕ್ಷೆಯಿದ್ದರೂ ಅದರ ತಿರುಳು ದಿಟ. ಕೆಳಗಿನಿಂದ ನೋಡುವವರ ಕಣ್ಣಿಗಾಗಿಯೇ ಅಳತೆಗೊಂಡ ಶಿಲ್ಪವು ತನ್ನ ನೆಲೆಯಲ್ಲಿ ಮಾತ್ರ ಪೂರ್ಣವಾಗಿ ಕಾಣುತ್ತದೆ. ಆದರೂ ಬಿಸಿಲು, ಮಳೆ, ವಾಹನಗಳ ಹೊಗೆ ಇವುಗಳಿಂದ ಕಾಪಾಡಲು ಸಂತ ಮಾರ್ಕನನ್ನು ಒಳಗೆ ಒಯ್ದು ಗೂಡಿನಲ್ಲಿ ಪ್ರತಿಯನ್ನು ನಿಲ್ಲಿಸಬೇಕಾಯಿತು. ನೆಲೆಯಲ್ಲಿ ಬಿಟ್ಟರೆ ಶಿಲ್ಪ ಸವೆಯುತ್ತದೆ. ಒಳಗೆ ಒಯ್ದರೆ ನೆಲೆ ತಪ್ಪುತ್ತದೆ. ಫ್ಲಾರೆನ್ಸಿನ ಜನರನ್ನು ಮತ್ತೆ ಮತ್ತೆ ಕಾಡಿರುವ ಪ್ರಶ್ನೆ ಇದು.

ಮುಂದೆ ಸಿಗುವ ಸಿನ್ಯೊರಿಯ ಚೌಕದಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡದಾಗಿ ಎದುರಾಗುತ್ತದೆ. ಹಿಂದೊಬ್ಬ ಶಿಲ್ಪಿ ಕೆತ್ತತೊಡಗಿ ಕೈಬಿಟ್ಟಿದ್ದ ಅಮೃತಶಿಲೆಯ ಬಂಡೆಯೊಂದು ದಶಕಗಳ ಕಾಲ ಬಿದ್ದಿತ್ತು. 1501ರಲ್ಲಿ ತರುಣ ಮೈಕೆಲೇಂಜೆಲೊ ಅದನ್ನು ಕೈಗೆತ್ತಿಕೊಂಡು, ದೈತ್ಯ ಗೊಲ್ಯಾತನನ್ನು ಕವಣೆಕಲ್ಲಿನಿಂದ ಕೊಂದ ದಾವೀದನನ್ನು 5 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಕಡೆದನು. ಅದನ್ನೆಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸಲು 1504ರಲ್ಲಿ ಸೇರಿದ ಸಭೆಯಲ್ಲಿ ಲಿಯೊನಾರ್ಡೊ ಡಾ ವಿಂಚಿ, ಬೊತ್ತಿಚೆಲ್ಲಿ ಮೊದಲಾದ ಕಲಾವಿದರಿದ್ದರು. ಮಳೆಗೆ ಕಲ್ಲು ಕೆಟ್ಟೀತೆಂಬ ಅಂಜಿಕೆಯಿಂದ ಕೆಲವರು ಮಾಡಿನ ಕೆಳಗೆ ಇರಿಸಬೇಕೆಂದರು. ಕೊನೆಗೆ ಅದು ಸರ್ಕಾರದ ಅರಮನೆಯ ಬಾಗಿಲಲ್ಲಿ ಬಯಲಿನಲ್ಲಿಯೇ ನಿಂತಿತು. 1494ರಲ್ಲಿ ಮೆಡಿಚಿ ಮನೆತನವನ್ನು ಓಡಿಸಿ ಸ್ವತಂತ್ರವಾಗಿದ್ದ ನಗರಕ್ಕೆ ಆ ನಿಲುವೇ ಒಂದು ಘೋಷಣೆಯಾಗಿತ್ತು. ಕಾರ್ಯಾಗಾರದಿಂದ ಚೌಕಕ್ಕೆ ಸಾಗಿಸಲು ನಾಲ್ಕು ದಿನ ಹಿಡಿಯಿತು. ರಾತ್ರಿ ಯಾರೋ ಅದರ ಮೇಲೆ ಕಲ್ಲೆಸೆದರು. 1527ರ ದಂಗೆಯಲ್ಲಿ ಅರಮನೆಯ ಮೇಲಿನಿಂದ ಬಿದ್ದ ಪೀಠವೊಂದು ತಗುಲಿ ಎಡಗೈ ಮುರಿಯಿತು. ಚೂರುಗಳನ್ನು ಆಯ್ದು ಕಾಪಾಡಿದವರಲ್ಲಿ ತಾನೂ ಒಬ್ಬನೆಂದು, ಆಗ ಹುಡುಗನಾಗಿದ್ದ ವಸಾರಿ ಬರೆದಿದ್ದಾನೆ. 1873ರಲ್ಲಿ ಮೂಲವಿಗ್ರಹ ಅಕಾಡೆಮಿಯ ಸಂಗ್ರಹಾಲಯವನ್ನು ಸೇರಿತು. ಚೌಕದಲ್ಲಿ ಈಗ ನಿಂತಿರುವುದು 1910ರಲ್ಲಿ ಸ್ಥಾಪಿತವಾದ ಪ್ರತಿ.

ಚೌಕದ ಪಕ್ಕದಲ್ಲಿಯೇ ಉಫೀತ್ಸಿ. ಹೆಸರಿನ ಅರ್ಥ ‘ಕಚೇರಿಗಳು’. 1560ರಲ್ಲಿ ವಸಾರಿ ಯೋಜಿಸಿದ ಈ ಸರ್ಕಾರಿ ಕಟ್ಟಡದಲ್ಲಿ ಮೆಡಿಚಿಯವರ ಸಂಗ್ರಹ ಕ್ರಮೇಣ ತುಂಬಿಕೊಂಡಿತು. 1737ರಲ್ಲಿ ಆ ಮನೆತನದ ಗಂಡುಸಂತತಿ ಕೊನೆಗೊಂಡು ರಾಜ್ಯ ಪರರ ಪಾಲಾಯಿತು. ಹೊಸ ಅರಸರು ಚಿತ್ರಗಳನ್ನು ಹೊತ್ತೊಯ್ದಿದ್ದರೆ ತಡೆಯುವವರಿರಲಿಲ್ಲ. ಮನೆತನದ ಕೊನೆಯ ಕುಡಿಯಾದ ಅನ್ನಾ ಮರಿಯಾ ಲೂಯಿಸಾ ಅದೇ ವರ್ಷ ಅವರೊಡನೆ ಒಂದು ಒಪ್ಪಂದ ಮಾಡಿಕೊಂಡಳು. ಸಂಗ್ರಹವೆಲ್ಲ ರಾಜ್ಯಕ್ಕೆ ಸೇರತಕ್ಕದ್ದು. ಅದು ಜನರ ಉಪಯೋಗಕ್ಕಾಗಿ ಇರತಕ್ಕದ್ದು. ಅದರಲ್ಲಿ ಒಂದು ವಸ್ತುವೂ ಫ್ಲಾರೆನ್ಸನ್ನು ಬಿಟ್ಟು ಹೋಗಕೂಡದು. ಬೊತ್ತಿಚೆಲ್ಲಿಯ ‘ವೀನಸಳ ಜನನ’ ಇಂದಿಗೂ ಈ ನಗರದಲ್ಲಿದ್ದರೆ ಅದಕ್ಕೆ ಆಕೆಯ ದೂರದೃಷ್ಟಿಗೆ ಸಲ್ಲಬೇಕಾದ ಪಾಲು ದೊಡ್ಡದು.

ಒಪ್ಪಂದಕ್ಕೆ ಅರಸರು ಮಣಿದರು, ನದಿ ಮಣಿಯಲಿಲ್ಲ. ಪೂರ್ವಕ್ಕೆ ತಿರುಗಿ ಸಾಂತಾ ಕ್ರೋಚೆ ಚರ್ಚನ್ನು ತಲುಪುವ ಹೊತ್ತಿಗೆ ಮನೆಗಳ ಗೋಡೆಗಳಲ್ಲಿ ತಲೆಯಿಂದ ಬಹು ಎತ್ತರದಲ್ಲಿ ಚಿಕ್ಕ ಫಲಕಗಳು ಕಾಣುತ್ತವೆ. 1966ರ ನವೆಂಬರ್ 4ರಂದು ಆರ್ನೋ ಉಕ್ಕಿ ಬಂದಾಗ ನೀರು ಏರಿದ ಮಟ್ಟ ಅದು. ನೆಲಮಾಳಿಗೆಗಳ ತೊಟ್ಟಿಗಳಿಂದ ಸೋರಿದ ಉರುವಲು ಎಣ್ಣೆ ಕೆಸರಿನೊಡನೆ ಬೆರೆತು ಹರಿಯಿತು. ‘ಸ್ವರ್ಗದ್ವಾರ’ದ ಹತ್ತು ಫಲಕಗಳಲ್ಲಿ ಐದು ಕಿತ್ತುಬಂದವು. ಅವುಗಳ ಶುದ್ಧೀಕರಣ ಮುಗಿದು ಜನರ ದರ್ಶನಕ್ಕೆ ದೊರೆತುದು 2012ರಲ್ಲಿ. ನದಿಯ ದಡದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಲಕ್ಷಗಟ್ಟಲೆ ಪುಸ್ತಕಗಳು ಕೆಸರಿನಲ್ಲಿ ಮುಳುಗಿದವು. ದೇಶವಿದೇಶಗಳಿಂದ ಓಡಿಬಂದ ತರುಣ ತರುಣಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ಆ ಪುಸ್ತಕಗಳನ್ನು ಸಾಗಿಸಿದರು. ಊರವರು ಅವರನ್ನು ‘ಕೆಸರಿನ ದೇವದೂತರು’ ಎಂದು ಕರೆದರು.

ಸಾಂತಾ ಕ್ರೋಚೆಯಲ್ಲಿ ಮೈಕೆಲೇಂಜೆಲೊ ಮತ್ತು ಗೆಲಿಲಿಯೊ ಅವರ ಸಮಾಧಿಗಳಿವೆ. ಹದಿಮೂರನೆಯ ಶತಮಾನದಲ್ಲಿ ಚಿಮಾಬುಯೆ ಚಿತ್ರಿಸಿದ, ನಾಲ್ಕು ಮೀಟರಿಗೂ ಎತ್ತರವಾದ ಶಿಲುಬೆಯೂ ಇಲ್ಲಿದೆ. ಪ್ರವಾಹದಲ್ಲಿ ಅದರ ಬಣ್ಣ ಅರ್ಧಕ್ಕೂ ಹೆಚ್ಚು ಕಳಚಿಹೋಯಿತು. ಹತ್ತು ವರ್ಷಗಳ ದುರಸ್ತಿಯ ಬಳಿಕ 1976ರಲ್ಲಿ ಅದು ಹಿಂದಿರುಗಿತು. ಕಳೆದುಹೋದ ಮುಖವನ್ನು ಊಹಿಸಿ ಬರೆಯಲು ತಜ್ಞರು ಒಪ್ಪಲಿಲ್ಲ. ಬರಿದಾದ ಜಾಗಗಳಲ್ಲಿ ಸಣ್ಣ ಸಣ್ಣ ಬಣ್ಣದ ಗೆರೆಗಳನ್ನು ತುಂಬಿ, ನಷ್ಟವು ನಷ್ಟವಾಗಿಯೇ ಕಾಣುವಂತೆ ಬಿಟ್ಟರು. ವಸಾರಿಯು 1546ರಲ್ಲಿ ಐದು ಮರದ ಹಲಗೆಗಳ ಮೇಲೆ ಬರೆದ ‘ಕಡೆಯ ಭೋಜನ’ದ ಚಿತ್ರ ಹನ್ನೆರಡು ತಾಸುಗಳಿಗೂ ಹೆಚ್ಚು ಕಾಲ ನೀರಿನಲ್ಲಿತ್ತು. ಅದನ್ನು ಮುಟ್ಟಿದರೆ ಬಣ್ಣ ಉದುರುವ ಸ್ಥಿತಿಯಲ್ಲಿ ದಶಕಗಳ ಕಾಲ ಉಗ್ರಾಣದಲ್ಲಿರಿಸಿದ್ದರು. ಪ್ರವಾಹ ಬಂದು ಸರಿಯಾಗಿ ಐವತ್ತು ವರ್ಷಗಳಾದಾಗ, 2016ರ ನವೆಂಬರಿನಲ್ಲಿ, ಅದು ಮತ್ತೆ ಸಾಂತಾ ಕ್ರೋಚೆಗೆ ಮರಳಿತು. ಈಗ ಚಿತ್ರದ ಹಿಂದೆ ಒಂದು ಎತ್ತುಯಂತ್ರವನ್ನು ಜೋಡಿಸಿದ್ದಾರೆ. ಆರ್ನೋ ಮತ್ತೆ ಉಕ್ಕುವ ಸೂಚನೆ ದೊರೆತೊಡನೆ ಚಿತ್ರವನ್ನು ಅದರ ನೆಲೆಯಲ್ಲಿಯೇ, ಗೋಡೆಯುದ್ದಕ್ಕೂ, ನೀರು ತಲುಪದಷ್ಟು ಮೇಲಕ್ಕೆ ಏರಿಸಬಹುದು.