ಕೆಂಪು ನೆಲದಲ್ಲಿ ಸೆರೆಸಿಕ್ಕ ರಂಜಕ

ಐವತ್ತು ಕಿಲೊ ಡಿಎಪಿ ಗೊಬ್ಬರದ ಚೀಲದಲ್ಲಿ ರಂಜಕದ ಪಾಲು, ಆಕ್ಸೈಡ್ (P2O5) ಲೆಕ್ಕದಲ್ಲಿ, ಶೇ 46. ಅಂದರೆ 23 ಕಿಲೊ. ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಹೊಲಕ್ಕೆ ಇದನ್ನು ಹಾಕಿದರೆ ಆ ವರ್ಷದ ಬೆಳೆಗೆ ದಕ್ಕುವುದು ಸುಮಾರು ಐದರಲ್ಲಿ ಒಂದು ಪಾಲು. ಉಳಿದದ್ದನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ವಿಜಯಪುರ, ಕಲಬುರಗಿಯ ಎರೆ ಭೂಮಿಯಲ್ಲಿ ಆ ಕೆಲಸ ಸುಣ್ಣದ್ದು. ವರ್ಷ ವರ್ಷವೂ ದುಡ್ಡು ಕೊಟ್ಟು ತಂದ ಗೊಬ್ಬರ ಹೊಲದಲ್ಲೇ ಇರುತ್ತದೆ, ಪೈರು ಮಾತ್ರ ಹಸಿದೇ ಇರುತ್ತದೆ.

ಈ ರಂಜಕವನ್ನು ಬಿಡಿಸಬಲ್ಲ ಜೀವಿಗಳು ಮಣ್ಣಿನಲ್ಲೇ ಇವೆ. ಬ್ಯಾಸಿಲಸ್, ಸ್ಯೂಡೊಮೊನಾಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಸಾವಯವ ಆಮ್ಲ ಸೂಸಿ ಅದನ್ನು ಕರಗಿಸುತ್ತವೆ. ಅಂಗಡಿಯಲ್ಲಿ ಪಿಎಸ್‌ಬಿ ಎಂದು ಸಿಗುವುದು ಇವೇ. ಮೈಕೊರೈಜಾ ಎಂಬ ಶಿಲೀಂಧ್ರದ ದಾರಿ ಬೇರೆ. ರಂಜಕ ನೀರಿನೊಂದಿಗೆ ಹರಿದು ಬೇರಿನ ಬಳಿಗೆ ಬರುವುದಿಲ್ಲ, ಮಣ್ಣಿನಲ್ಲಿ ಅದು ಸರಿಯುವುದು ಕೆಲವೇ ಮಿಲಿಮೀಟರ್. ಈ ಶಿಲೀಂಧ್ರದ ನವಿರಾದ ಎಳೆಗಳು ಬೇರಿನಿಂದ ಹೊರಟು ಸೆಂಟಿಮೀಟರ್‌ಗಟ್ಟಲೆ ದೂರ ಚಾಚಿ ರಂಜಕ ತಂದುಕೊಡುತ್ತವೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಮೆಣಸಿನಕಾಯಿ, ಟೊಮೆಟೊ ಸಸಿಗಳಿಗೆ ಮಡಿಯಲ್ಲೇ ಇದನ್ನು ಕೊಡುವುದು ಸುಲಭ ಮತ್ತು ಅಗ್ಗ. ಎಲೆಕೋಸು, ಹೂಕೋಸು, ಸಾಸಿವೆಗೆ ಕೊಡುವುದು ವ್ಯರ್ಥ, ಆ ಕುಲದ ಬೇರುಗಳಿಗೆ ಈ ಶಿಲೀಂಧ್ರದೊಡನೆ ನಂಟಿಲ್ಲ.

ಇಷ್ಟು ಒಳ್ಳೆಯದಾದರೆ ಎಲ್ಲ ಹೊಲದಲ್ಲೂ ಯಾಕೆ ಫಲ ಕಾಣುವುದಿಲ್ಲ? ಬ್ಯಾಕ್ಟೀರಿಯಾಕ್ಕೂ ಹೊಟ್ಟೆಯಿದೆ ಎಂಬುದನ್ನು ನಾವು ಮರೆಯುತ್ತೇವೆ. ಕೊಟ್ಟಿಗೆ ಗೊಬ್ಬರ ಕಾಣದೆ ವರ್ಷಗಳೇ ಕಳೆದ ಬರಡು ನೆಲದಲ್ಲಿ ಅವು ಏನು ತಿಂದು ಬದುಕಬೇಕು? ಸುಣ್ಣ ತುಂಬಿದ ಎರೆಯಲ್ಲಿ ಅವು ಸೂಸಿದ ಆಮ್ಲ ಅಲ್ಲೇ ಸಪ್ಪೆಯಾಗುತ್ತದೆ. ಪೊಟ್ಟಣದೊಳಗಿನ ಜೀವದ ಪ್ರಶ್ನೆಯೂ ಇದೆ. ಜೈವಿಕ ಗೊಬ್ಬರಗಳು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದವು. ಪುಡಿ ರೂಪದ ಪಿಎಸ್‌ಬಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ ಐದು ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ತಗಡಿನ ಚಾವಣಿಯ ಅಂಗಡಿಯಲ್ಲಿ ಏಪ್ರಿಲ್ ಬಿಸಿಲಿಗೆ ಬೆಂದ ಪೊಟ್ಟಣದಲ್ಲಿ ಎಷ್ಟು ಉಳಿದಿರುತ್ತವೆ? ತಂಪಾದ ಜಾಗದಲ್ಲಿಟ್ಟಿದ್ದನ್ನು, ಅವಧಿ ಮುಗಿಯದಿರುವುದನ್ನು ನೋಡಿಯೇ ಕೊಳ್ಳಬೇಕು.

ಬೀಜೋಪಚಾರ ಕಷ್ಟದ್ದಲ್ಲ. ತಣಿದ ಬೆಲ್ಲದ ಪಾಕದಲ್ಲಿ ಪಿಎಸ್‌ಬಿ ಪುಡಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ, ಅಂದೇ ಬಿತ್ತಬೇಕು. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ಇದು ಕೊನೆಗೆ. ಇಲ್ಲವೇ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಾಲಿಗೆ ಹಾಕಬಹುದು. ಬಡ ನೆಲಕ್ಕೆ ನಾನು ಹೇಳುವುದು ಈ ಎರಡನೆಯ ದಾರಿಯನ್ನೇ, ಜೀವಿಯೊಂದಿಗೆ ಅದರ ಊಟವೂ ಹೋಗುತ್ತದೆ.

ಹಾಗೆಂದು ಡಿಎಪಿಯನ್ನು ಒಮ್ಮೆಗೇ ನಿಲ್ಲಿಸುವುದು ಬೇಡ. ಮಣ್ಣು ಪರೀಕ್ಷೆ ಮಾಡಿಸಿ, ರಂಜಕ ಸಾಕಷ್ಟಿದೆ ಎಂದು ಬಂದರೆ ಆ ಹಂಗಾಮಿಗೆ ಚೀಲ ಕಡಿಮೆ ಮಾಡಿ. ರಂಜಕ ಹೆಚ್ಚು ಸುರಿದ ನೆಲದಲ್ಲಿ ಮೈಕೊರೈಜಾ ಬೇರು ಹೊಗುವುದೇ ಕಡಿಮೆ.