ಹೊಳೆಯಲ್ಲಿ ಉಳಿಯುವ ನೀರೆಷ್ಟು?



ಮದ್ದೂರಿನ ನೆರೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಹೋಗುವುದು ನಿಮಗೆ ಗೊತ್ತು. 2024ರ ಅಕ್ಟೋಬರ್‌ನಲ್ಲಿ 5ನೇ ಹಂತ ಸೇರಿದ ಮೇಲೆ ಯೋಜನೆಯ ಸಾಮರ್ಥ್ಯ ದಿನಕ್ಕೆ 222.5 ಕೋಟಿ ಲೀಟರ್. ಅಂದರೆ ಸುಮಾರು 900 ಕ್ಯೂಸೆಕ್. ಮಳೆಗಾಲದ ತುಂಬು ಹೊಳೆಗೆ ಇದು ಲೆಕ್ಕಕ್ಕಿಲ್ಲ. ಬೇಸಿಗೆಯ ಸಣ್ಣ ಹರಿವಿನಲ್ಲಿ ಇದೇ ದೊಡ್ಡ ಪಾಲು.

ಆದ್ದರಿಂದ ಪರಿಸರದ ಮೇಲಿನ ಪರಿಣಾಮ ಅಳೆಯಲು ವರ್ಷದ ಸರಾಸರಿ ಸಾಲದು. ನೀರೆತ್ತುವ ಜಾಗದ ಕೆಳಗೆ ಬೇಸಿಗೆಯಲ್ಲಿ ಎಷ್ಟು ಹರಿಯುತ್ತದೆ, ಮೀನು ಉಳಿಯುತ್ತವೆಯೇ, ದನಗಳಿಗೆ ಕುಡಿಯುವ ನೀರು ಸಿಗುತ್ತದೆಯೇ ಎಂದು ನೋಡಬೇಕು. ನಗರ ಬಳಸಿದ ನೀರಿನ ಒಂದು ಪಾಲು ವೃಷಭಾವತಿ, ಅರ್ಕಾವತಿಯ ಮೂಲಕ ಕೊಳೆಯಾಗಿ ಸಂಗಮದಲ್ಲಿ ಕಾವೇರಿಗೆ ಮರಳುವುದೂ ಲೆಕ್ಕಕ್ಕೆ ಬರಬೇಕು.

ಹೊಳೆದಂಡೆಯ ಸಂಘದವರು ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರಿನ ಮಟ್ಟವನ್ನು ತಾರೀಖು ಸಮೇತ ಬರೆದಿಡಿ. ಅಹವಾಲು ಹೇಳುವ ದಿನ ಆ ಪುಸ್ತಕವೇ ನಿಮ್ಮ ಸಾಕ್ಷಿ.