ಬಣ್ಣ ಹೆಂಗೈತ್ರೀ?

‘ಹುಡುಗಿ ಕಲ್ತಾಳ, ಮನಿ ಕೆಲಸಾನೂ ಬರ್ತೈತಿ, ಎಲ್ಲಾ ಖರೆ. ಬಣ್ಣ ಹೆಂಗೈತ್ರೀ?’

ಸಂಕ್ರಾಂತಿ ಮುಗಿಸಿಕೊಂಡು ತವರೂರು ಮೊರಬಕ್ಕೆ ಹೋಗಿದ್ದಾಗ ಪಡಸಾಲೆಯಲ್ಲಿ ಕೇಳಿಬಂದ ಮಾತಿದು. ಕಾಕಾನ ಮಗಳಿಗೆ ಸಂಬಂಧ ತಂದಿದ್ದ ಅತ್ತಿಯೊಬ್ಬರು ಕಾಕುವನ್ನು ಕೇಳಿದ್ದರು. ಒಳಗೆ ಚಹಾ ಸೋಸುತ್ತಿದ್ದ ಹುಡುಗಿಯ ಕೈ ಗಕ್ಕನೆ ನಿಂತಿತು. ಅದೇ ದಿನ ಬೆಳಿಗ್ಗೆ, ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸಿನಕಾಯಿ ನೋಡಲು ಬಂದ ವ್ಯಾಪಾರಿಯೂ ಕೇಳಿದ್ದು ಇದನ್ನೇ: ‘ಬಣ್ಣ ಹೆಂಗೈತಿ?’

ಬ್ಯಾಡಗಿ ಮೆಣಸಿನಕಾಯಿಗೆ ಆ ಪ್ರಶ್ನೆ ಸರಿ ಬಿಡಿ. ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನೋದೇ ಅದರ ಹೆಗ್ಗಳಿಕೆ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಆದರೆ ಮನೆ ಮಗಳು ಮೆಣಸಿನಕಾಯಿಯೇ?

ಈ ‘ಬಣ್ಣ’ ಎಷ್ಟು ದೊಡ್ಡ ಪದ ನೋಡಿ! ಸಂಸ್ಕೃತದ ‘ವರ್ಣ’ ನಮ್ಮಲ್ಲಿ ‘ಬಣ್ಣ’ವಾಯಿತು, ‘ವರ್ಣಿಸು’ ‘ಬಣ್ಣಿಸು’ ಆಯಿತು. ಅಕ್ಷರಕ್ಕೂ ವರ್ಣ ಅಂತಾರೆ. ಹಾಗಾಗಿಯೇ ಅದು ವರ್ಣಮಾಲೆ. ನಾಟಕದವರು ‘ಬಣ್ಣ ಹಚ್ಚುತ್ತಾರೆ’. ಯಕ್ಷಗಾನದ ರಾಕ್ಷಸನದು ‘ಬಣ್ಣದ ವೇಷ’. ಮೋಸಗಾರನದು ‘ಬಣ್ಣದ ಮಾತು’. ಸಿಕ್ಕಿಬಿದ್ದ ದಿನ ‘ಬಣ್ಣ ಬಯಲು’. ಅಂದರೆ, ಬಣ್ಣ ಮೇಲಿನದು, ಒಳಗಿರೋದೇ ಬೇರೆ ಅಂತ ನಮ್ಮ ಮಾತೇ ಹೇಳುತ್ತಿದೆ!

ಸೀರೆ ಅಂಗಡಿಯಲ್ಲಿ ಕುಳಿತರೆ ಗಿಳಿಹಸಿರು, ನವಿಲುಬಣ್ಣ, ಬದನೆಕಾಯಿ ಬಣ್ಣ, ಉಳ್ಳಾಗಡ್ಡಿ ಬಣ್ಣ... ನಮಗೆ ಗೊತ್ತಿಲ್ಲದ ಬಣ್ಣವಿಲ್ಲ. ಹುಡುಗಿಯ ವಿಷಯ ಬಂದಾಗ ಮಾತ್ರ ಎರಡೇ: ‘ಕೆಂಪಗದಾಳ’, ಇಲ್ಲಾ ‘ಕರ್ರಗದಾಳ’. ಮೊರಬದ್ದು ಕರಿ ಎರೆ ಹೊಲ. ಹಸಿ ಹಿಡಿದಿಟ್ಟುಕೊಳ್ಳುವ ಆ ಮಣ್ಣಿನಿಂದಲೇ ಮಳೆ ನಿಂತ ಮೇಲೂ ಕಡಲೆ, ಗೋಧಿ, ಬಿಳಿಜೋಳ ಬೆಳೆಯುತ್ತವೆ. ಮಣ್ಣು ಕರ್ರಗಿದ್ದರೆ ಹಿಗ್ಗುವವರು, ಮಗಳು ಕರ್ರಗಿದ್ದರೆ ಕುಗ್ಗುವುದೇಕೆ?

ಬೇರೆಯವರನ್ನು ದೂರಿ ಏನು ಪ್ರಯೋಜನ? ಮದುವೆ ಮನೆಗೆ ಹೊರಟಾಗ ನನ್ನ ಮಗಳ ಮುಖಕ್ಕೆ ಕಡಲೆಹಿಟ್ಟು ತಿಕ್ಕಿ ತಿಕ್ಕಿ ತೊಳೆದವಳು ನಾನೇ. ‘ಅಮ್ಮಾ, ನಾನು ಚೆಂದ ಇಲ್ಲೇನು?’ ಅಂದಳು. ಆವತ್ತಿಗೆ ಆ ಡಬ್ಬಿ ಅಡುಗೆಮನೆಗೆ ವಾಪಸ್ ಹೋಯಿತು.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಸೂರ್ಯನ ನೇರಳಾತೀತ ಕಿರಣಗಳಿಂದ ಚರ್ಮವನ್ನು ಕಾಯುವುದೂ ಅದೇ. ಹುಟ್ಟು ಬಣ್ಣವನ್ನು ಯಾವ ಕ್ರೀಮೂ ಶಾಶ್ವತವಾಗಿ ಬದಲಿಸದು. ‘ಫೇರ್ ಅಂಡ್ ಲವ್ಲಿ’ಯೇ 2020ರಲ್ಲಿ ‘ಗ್ಲೋ ಅಂಡ್ ಲವ್ಲಿ’ ಆಯಿತು. ಕಂಪನಿ ‘ಫೇರ್’ ಬಿಟ್ಟರೂ ನಾವು ಬಿಟ್ಟಿಲ್ಲ!

ಇಷ್ಟಾದರೂ ಮಾಡೋಣ:

* ಬಾಣಂತಿಯನ್ನು ನೋಡಲು ಹೋದಾಗ ‘ಕೂಸು ಯಾರ ಬಣ್ಣ?’ ಎನ್ನುವ ಬದಲು, ಅವಳು ಆರಾಮಿದ್ದಾಳಾ ಕೇಳಿ.

* ‘ಈ ಬಣ್ಣ ನಿನಗ ಒಪ್ಪಂಗಿಲ್ಲ’ ಎಂದು ಮಗಳ ಕೈಯಿಂದ ಬಟ್ಟೆ ಕಸಿಯಬೇಡಿ. ಅವಳೇ ಆರಿಸಲಿ.

* ಪಕ್ಕದ ಮನೆಯವರು ಹೇಳಿದರೆಂದು ಔಷಧ ಅಂಗಡಿಯ ಕ್ರೀಮ್ ಹಚ್ಚಬೇಡಿ. ಸ್ಟಿರಾಯ್ಡ್ ಇರುವ ಕ್ರೀಮನ್ನು ಮುಖಕ್ಕೆ ದಿನಾ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತವೆ. ಚರ್ಮದ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಅಂದಹಾಗೆ, ಆ ದಿನ ಕಾಕು ಉತ್ತರ ಕೊಡುವ ಮೊದಲೇ ಹುಡುಗಿ ಚಹಾದ ತಾಟು ಹಿಡಿದು ಹೊರಗೆ ಬಂದಳು. ‘ಬಣ್ಣ ನೋಡ್ರಿ ಅತ್ತಿ. ಇನ್ನಷ್ಟ್ ಹಾಲು ಹಾಕಿದ್ರ ಬೆಳ್ಳಗಾಗ್ತಿತ್ತು, ಆದ್ರ ರುಚಿ ಕೆಡ್ತಿತ್ತು’ ಅಂದಳು.

ಅತ್ತಿ ಒಂದು ಗುಟುಕು ಕುಡಿದರು. ಬಣ್ಣದ ಮಾತು ಮತ್ತೆ ಎತ್ತಲಿಲ್ಲ.